ಜವಾರಿ, ಲೋಕಲ್, ಸಾವಯವ: ಚೀಟಿ ನೋಡಿ ಕೊಳ್ಳೋದಾ, ಹೊಲ ಕೇಳಿ ಕೊಳ್ಳೋದಾ?

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದೇವೆ. ನಮ್ಮ ಓಣಿಯ ಹತ್ತಿರ ಹೊಸ ಅಂಗಡಿ ಆಗಿದೆ. ಒಳಗೆ ಹೋದರೆ ಎಲ್ಲ ಕಡೆ ಚೀಟಿ: ಜವಾರಿ ಗೋಧಿ, ದೇಸಿ ಜೋಳ, ಸಾವಯವ ಬೇಳೆ, ನ್ಯಾಚುರಲ್ ಬೆಲ್ಲ, ಲೋಕಲ್ ತರಕಾರಿ. ರೇಟು ಮಾತ್ರ ಸಂತೆಗಿಂತ ಒಂದೂವರೆ ಪಟ್ಟು, ಕೆಲವಕ್ಕೆ ಎರಡು ಪಟ್ಟು. ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ 'ನಾವೀಗ ಲೋಕವೋರ್' ಅಂತಾಳೆ, ಅಂದರೆ ಹತ್ತಿರದಲ್ಲಿ ಬೆಳೆದದ್ದನ್ನೇ ತಿನ್ನುವವರಂತೆ. ಅದನ್ನು ಕೇಳಿ ಅತ್ತೆಯವರು 'ಅಂದ್ರ ನಾವು ಇಷ್ಟ ದಿನಾ ಪರದೇಶದ್ದು ತಿಂದ್ವೇನ?' ಅಂತ ನಗುತ್ತಾರೆ. ಈ ಹೆಸರುಗಳಲ್ಲಿ ಯಾವುದಕ್ಕೆ ಅರ್ಥ ಇದೆ, ಯಾವುದು ಬರೀ ಮಾತು? ನಿಜವಾಗಿ ನಮ್ಮ ಸುತ್ತ ಬೆಳೆದದ್ದನ್ನೇ ತಿನ್ನಬೇಕು ಅಂದರೆ ಏನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು?

ಉತ್ತರ: ಅಂಗಡಿಯ ಆ ಚೀಟಿಗಳಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಬೀಜ ಯಾವುದು ಅನ್ನೋದು ಒಂದು. ಹೊಲ ಎಲ್ಲಿಯದು ಅನ್ನೋದು ಇನ್ನೊಂದು. ಬೆಳೆಸಿದ್ದು ಹೇಗೆ ಅನ್ನೋದು ಮೂರನೆಯದು. ಜವಾರಿ, ದೇಸಿ ಅಂದರೆ ಬೀಜದ ಮಾತು. ಲೋಕಲ್ ಅಂದರೆ ಹೊಲದ ಮಾತು. ಸಾವಯವ ಅಂದರೆ ಬೆಳೆಸಿದ ರೀತಿಯ ಮಾತು. ಒಂದು ಇದ್ದರೆ ಇನ್ನೊಂದು ಇರಲೇಬೇಕು ಅಂತ ಏನಿಲ್ಲ. ಜವಾರಿ ಗಿಡಕ್ಕೂ ವಾರಕ್ಕೊಮ್ಮೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವವರಿದ್ದಾರೆ. ಸಾವಯವ ಬೇಳೆ ಸಾವಿರ ಕಿಲೋಮೀಟರ್ ದೂರದಿಂದ ಬಂದಿರಬಹುದು. ಹುಬ್ಬಳ್ಳಿ ಪಕ್ಕದ ಹೊಲದ ಟೊಮ್ಯಾಟೊ ಅಪ್ಪಟ ಹೈಬ್ರಿಡ್ ಆಗಿರಬಹುದು. ಅಷ್ಟೇ ಯಾಕೆ, ಆ ಹೈಬ್ರಿಡ್ ಬೀಜ ತಯಾರಾಗಿದ್ದೇ ನಮ್ಮ ರಾಣೆಬೆನ್ನೂರಿನ ಸುತ್ತ ಇರಬಹುದು. ಅಲ್ಲಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಹಚ್ಚಿ ತರಕಾರಿ ಬೀಜ ಮಾಡಿಕೊಡುತ್ತಾರೆ. ಆ ಬೀಜ ದೇಶದ ಎಲ್ಲ ಕಡೆ ಹೋಗುತ್ತದೆ. ಅದು ಲೋಕಲ್ಲಾ, ಅಲ್ವಾ? ನೀವೇ ಹೇಳಿ.

ಕಾನೂನು ಇರುವುದು ಈ ಪೈಕಿ ಕೆಲವಕ್ಕೆ ಮಾತ್ರ. 'ಸಾವಯವ' ಅಂತ ಪ್ಯಾಕೆಟ್ ಮೇಲೆ ಹಾಕಬೇಕಾದರೆ 2017 ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ದಾರಿ. ಒಂದು, ಹೊರಗಿನ ಸಂಸ್ಥೆ ಬಂದು ಹೊಲ ನೋಡಿ ಕೊಡುವ ಪ್ರಮಾಣಪತ್ರ. ಇನ್ನೊಂದು ಪಿಜಿಎಸ್, ಅಂದರೆ ರೈತರ ಗುಂಪು ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಾಕ್ಷಿ ಹೇಳುವುದು. ಎರಡರಲ್ಲಿ ಯಾವುದೇ ಇದ್ದರೂ ಪ್ಯಾಕೆಟ್ ಮೇಲೆ 'ಜೈವಿಕ್ ಭಾರತ್' ಗುರುತು ಇರಬೇಕು. ಸಣ್ಣ ರೈತ ತಾನೇ ಬೆಳೆದು ನಿಮ್ಮ ಕೈಗೇ ನೇರವಾಗಿ ಮಾರಿದರೆ ಅವನಿಗೆ ವಿನಾಯಿತಿ ಇದೆ. ಆದರೆ ನಿಮ್ಮ ಓಣಿಯ ಅಂಗಡಿಗೆ ಆ ವಿನಾಯಿತಿ ಇಲ್ಲ. ಡಬ್ಬಿಯಲ್ಲಿ ಬಿಡಿಯಾಗಿ ಇಟ್ಟ ಬೇಳೆಗೆ ಕೈಯಲ್ಲಿ ಬರೆದ 'ಸಾವಯವ' ಚೀಟಿ ಕಂಡರೆ ಪ್ರಮಾಣಪತ್ರ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ ನೋಡಿ, ಅವರ ಮುಖ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. 'ನ್ಯಾಚುರಲ್', 'ಫ್ರೆಶ್' ಅಂತ ಹಾಕುವುದಕ್ಕೂ 2018 ರಿಂದ ನಿಯಮ ಇದೆ. ಏನನ್ನೂ ಬೆರೆಸದೇ ಇದ್ದರೆ ಮಾತ್ರ ನ್ಯಾಚುರಲ್ ಅನ್ನಬಹುದು. ತೊಳೆದು, ಸುಲಿದು, ಹೆಚ್ಚಿ, ತಣ್ಣಗಿಟ್ಟದ್ದಕ್ಕಿಂತ ಜಾಸ್ತಿ ಏನಾದರೂ ಮಾಡಿದ್ದರೆ ಅದನ್ನು ಫ್ರೆಶ್ ಅನ್ನುವ ಹಾಗಿಲ್ಲ. ಇನ್ನು ಜವಾರಿ, ದೇಸಿ, ಲೋಕಲ್, ಈ ಮೂರಕ್ಕೆ ಕಾನೂನಿನಲ್ಲಿ ಅರ್ಥವೇ ಇಲ್ಲ. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಅಂಟಿಸುತ್ತಾರೆ.

ಕಾನೂನಿನಲ್ಲಿ ಇಲ್ಲ ಅಂದ ಮಾತ್ರಕ್ಕೆ 'ಜವಾರಿ' ಸುಳ್ಳು ಅಂತ ಅಲ್ಲ. ನಮ್ಮ ಕಡೆ ರೈತರಿಗೆ ಅದರ ಅರ್ಥ ಸ್ಪಷ್ಟ ಇದೆ. ಬೆಳೆದ ಬೆಳೆಯಲ್ಲೇ ಬೀಜ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದಾದದ್ದು ಜವಾರಿ. ಪ್ರತಿ ವರ್ಷ ಅಂಗಡಿಯಿಂದ ಪಾಕೀಟು ತರಬೇಕಾದದ್ದು ಹೈಬ್ರಿಡ್. ಜವಾರಿ ಸವತಿಕಾಯಿ ಒಂದೊಂದು ಒಂದೊಂದು ಅಳತೆ, ಸ್ವಲ್ಪ ಬಲಿತರೂ ಬೀಜ ಗಟ್ಟಿ. ಜವಾರಿ ಬದನೆಕಾಯಿಯ ತೊಟ್ಟಿಗೆ ಮುಳ್ಳು. ಎಣಗಾಯಿ ಮಾಡಿದರೆ ಮಸಾಲೆ ಹೀರಿಕೊಂಡು ಮೆತ್ತಗಾಗುತ್ತದೆ, ಆದರೆ ಒಡೆಯುವುದಿಲ್ಲ. ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುವ ಕಾಯಿಯ ರಾಶಿಗೆ ಜವಾರಿ ಅಂತ ಚೀಟಿ ಹಾಕಿದ್ದರೆ ಅನುಮಾನ ಪಡಿ. ತತ್ತಿಯದೂ ಅದೇ ಕತೆ. ಕಂದು ಸಿಪ್ಪೆ ಬರುವುದು ಕೋಳಿಯ ತಳಿಯಿಂದ. ಶೆಡ್ಡಿನಲ್ಲಿ ಸಾಕಿದ ಕೋಳಿಯೂ ಕಂದು ತತ್ತಿ ಇಡುತ್ತದೆ. ಬಣ್ಣ ನೋಡಿ ಎರಡರಷ್ಟು ದುಡ್ಡು ಕೊಡಬೇಡಿ.

ಜವಾರಿ ಅಂದರೆ ಅನಾದಿಯಿಂದ ಇಲ್ಲೇ ಹುಟ್ಟಿದ್ದು ಅಂತಲೂ ತಿಳಿಯಬೇಕಾಗಿಲ್ಲ. ನಾವು ಅಭಿಮಾನದಿಂದ ತಿನ್ನುವ ಹಿಂಗಾರಿ ಬಿಳಿಜೋಳದ ದೊಡ್ಡ ತಳಿ ಮಾಲದಂಡಿ. ಅದನ್ನು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ಅಲ್ಲಿನ ನಾಡತಳಿಯಿಂದ 1930 ರ ದಶಕದಲ್ಲಿ ಆರಿಸಿ ತೆಗೆದರು. ಮೆಣಸಿನಕಾಯಿ, ಶೇಂಗಾ ಎರಡೂ ಸಮುದ್ರ ದಾಟಿ ಅಮೆರಿಕದ ಕಡೆಯಿಂದ ಬಂದವು. ಶೇಂಗಾ ಚಟ್ನಿ, ಕೆಂಪು ಖಾರ ಇಲ್ಲದ ಉತ್ತರ ಕರ್ನಾಟಕದ ಊಟ ಇವತ್ತು ಊಹಿಸಲಿಕ್ಕೂ ಆಗುವುದಿಲ್ಲ. ಮೂಲ ಹುಡುಕುವುದು ಇತಿಹಾಸದವರ ಕೆಲಸ. ನಿಮ್ಮ ಚೀಲಕ್ಕೆ ಬೇಕಾದದ್ದು ಈ ವರ್ಷ ಅದು ಯಾವ ಹೊಲದಿಂದ ಬಂತು ಅನ್ನೋದು.

ಇನ್ನು ಗೋಧಿಗೆ ಬರೋಣ. ಜಾಸ್ತಿ ಮೋಸ ಆಗುವುದೂ, ಜಾಸ್ತಿ ಪ್ರಾಮಾಣಿಕ ಬೆಲೆ ಇರುವುದೂ ಇಲ್ಲೇ. ನಮ್ಮ ಕಡೆ ಅಂಗಡಿಯಲ್ಲಿ 'ಜವಾರಿ ಗೋಧಿ' ಅಂತ ಕೊಡುವುದು ಮೂರು ಥರದ್ದು ಇರಬಹುದು. ಒಂದು, ಸದಕ. ಕೆಲವರು ಜವೆಗೋಧಿ ಅಂತಾರೆ, ಮಹಾರಾಷ್ಟ್ರದವರು ಖಪ್ಲಿ ಅಂತಾರೆ. ಮಾದಲಿಗೆ, ಶ್ಯಾವಿಗೆಗೆ ಹಳಬರು ಹುಡುಕಿಕೊಂಡು ಹೋಗಿ ತರುತ್ತಿದ್ದ ಗೋಧಿ ಇದು. ಎರಡು, ಬನ್ಸಿ. ಉಪ್ಪಿಟ್ಟಿನ ಬನ್ಸಿ ರವೆ ಆಗುವುದು ಇದರಿಂದಲೇ. ಕಾಳು ಗಟ್ಟಿ, ಅಂಬರದ ಬಣ್ಣ. ಎರೆ ಹೊಲದಲ್ಲಿ ನೀರು ಹಾಯಿಸದೆ ಬೆಳೆಯುವ ಬಿಜಗಾ ಯೆಲ್ಲೊ ಈ ಜಾತಿಯದು. ಮೂರು, ಚಪಾತಿಯ ಮಾಮೂಲಿ ಗೋಧಿ. ಅಂಗಡಿಯವರು ಇದನ್ನು 'ಲೋಕವನ್' ಅಂದಾಗ ಲೋಕಲ್ ಅಂತ ಕೇಳಿಸಿಕೊಂಡು ತಂದವರನ್ನು ನೋಡಿದ್ದೇನೆ. ಲೋಕ್-1 ಗುಜರಾತಿನಲ್ಲಿ ಮಾಡಿದ ತಳಿ. ಶರಬತಿ ಬರುವುದು ಮಧ್ಯಪ್ರದೇಶದಿಂದ. ಎರಡೂ ಒಳ್ಳೆಯ ಗೋಧಿಯೇ, ಚಪಾತಿ ಚೆನ್ನಾಗಿ ಆಗುತ್ತದೆ. ಆದರೆ ಜವಾರಿ ಅಂತ ದುಪ್ಪಟ್ಟು ಕೊಡುವ ಅಗತ್ಯ ಇಲ್ಲ.

ಆದರೆ ಸದಕದ ಬೆಲೆ ಜಾಸ್ತಿ ಇದ್ದರೆ ಅದಕ್ಕೆ ಕಾರಣ ಇದೆ. ಬೇರೆ ಗೋಧಿ ರಾಶಿ ಮಾಡಿದ ಕೂಡಲೇ ಕಾಳು ಹೊಟ್ಟಿನಿಂದ ಬೇರೆ ಆಗುತ್ತದೆ. ಸದಕ ಆಗುವುದಿಲ್ಲ. ಕಾಳಿನ ಮೇಲೆ ಹೊಟ್ಟು ಬಿಗಿಯಾಗಿ ಕೂತಿರುತ್ತದೆ. ಅದನ್ನು ಕುಟ್ಟಿಯೋ, ಮಿಲ್ಲಿಗೆ ಹಾಕಿಯೋ ಬಿಡಿಸಬೇಕು. ಬಿಡಿಸಿದ ಮೇಲೆ ತೂಕ ಕಡಿಮೆ ಆಗುತ್ತದೆ, ಆ ಕೆಲಸದ ಖರ್ಚು ಬೇರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ಸದಕದಲ್ಲೇ ಸುಧಾರಿಸಿದ ತಳಿಗಳನ್ನು ಮಾಡಿದ್ದಾರೆ. ಡಿಡಿಕೆ 1025, ಡಿಡಿಕೆ 1029 ಅಂತ ಹೆಸರು. ಅಂದರೆ ಇವತ್ತು ನಿಮಗೆ ಸಿಗುವ ಸದಕ ಅಜ್ಜನ ಕಾಲದ್ದೇ ಆಗಿರಬೇಕು ಅಂತಿಲ್ಲ, ಧಾರವಾಡದ ಹೊಲದಲ್ಲಿ ವಿಜ್ಞಾನಿಗಳು ತಿದ್ದಿದ್ದು ಇರಬಹುದು. ಅದರಿಂದ ಅದರ ಗುಣ ಏನೂ ಕಡಿಮೆ ಆಗಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. 'ಸದಕದಲ್ಲಿ ಗ್ಲುಟನ್ ಇಲ್ಲ' ಅಂತ ಕೆಲವರು ಹೇಳಿ ಮಾರುತ್ತಾರೆ. ಅದು ತಪ್ಪು. ಗ್ಲುಟನ್ ಅಂದರೆ ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನು. ಸದಕವೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಗೋಧಿ ಒಗ್ಗದ ಕಾಯಿಲೆ ಇರುವವರು ಅದನ್ನು ಮುಟ್ಟಬಾರದು.

ಈಗ ಮೆಣಸಿನಕಾಯಿ. ಇದರ ಬಗ್ಗೆ ನೀವು ಕೇಳಿಲ್ಲ. ಆದರೂ ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಊರ ಹೆಸರು ಮತ್ತು ಹೊಲ ಬೇರೆ ಬೇರೆ ಆಗುವುದನ್ನು ತೋರಿಸಲಿಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಬ್ಯಾಡಗಿ ಇರುವುದು ಹಾವೇರಿ ಜಿಲ್ಲೆಯಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ 2011 ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿತು, ಅಂದರೆ ಆ ಹೆಸರು ಆ ಪ್ರದೇಶದ ಮಾಲಿಗೇ ಸೇರಿದ್ದು ಅನ್ನುವ ನೋಂದಣಿ. ಅದರಲ್ಲಿ ಎರಡು ಥರ: ಡಬ್ಬಿ, ಕಡ್ಡಿ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಬೀಜ ಕಡಿಮೆ. ಎರಡಕ್ಕೂ ಮೈತುಂಬ ಸುಕ್ಕು, ಗಾಢ ಬಣ್ಣ, ಖಾರ ಮಾತ್ರ ಹಿತ. ಆ ಬಣ್ಣಕ್ಕೇ ಅದಕ್ಕೆ ಬೆಲೆ. ಅದರಿಂದ ತೆಗೆದ ಓಲಿಯೊರೆಸಿನ್ ಅನ್ನುವ ಗಟ್ಟಿ ಸಾರ ಆಹಾರದ ಬಣ್ಣಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ. ಜನವರಿಯಿಂದ ಮಾರ್ಚ್‌ವರೆಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಆದರೆ ಆ ಲಾರಿಗಳು ಎಲ್ಲಿಂದ ಬಂದವು ಅಂತ ಕೇಳಿ. ಬಳ್ಳಾರಿ, ರಾಯಚೂರು, ಆಂಧ್ರ. ಸುಮಾರು ಮಾಲು 2043, 5531 ಅಂತ ನಂಬರಿನಿಂದಲೇ ಕರೆಯುವ ಹೈಬ್ರಿಡ್, ನೀರಾವರಿಯಲ್ಲಿ ಬೆಳೆದದ್ದು. ಬ್ಯಾಡಗಿಯಲ್ಲಿ ಮಾರಾಟ ಆಗಿದೆ, ಹಾಗಾಗಿ ಅಂಗಡಿಯವನು 'ಬ್ಯಾಡಗಿ' ಅಂತ ಬರೆದರೆ ಅವನನ್ನು ಪೂರ್ತಿ ಸುಳ್ಳ ಅನ್ನಲಿಕ್ಕೂ ಬರುವುದಿಲ್ಲ. ನಿಜವಾದ ಡಬ್ಬಿ, ಕಡ್ಡಿ ಮಳೆಯಾಶ್ರಯದಲ್ಲಿ ಬೆಳೆಯುವ ಹೊಲಗಳು ಕುಂದಗೋಳ, ಹುಬ್ಬಳ್ಳಿ, ಗದಗ, ಶಿರಹಟ್ಟಿ ಕಡೆಯ ಎರೆ ನೆಲದಲ್ಲಿ ಇವೆ. ಮೊದಲಿಗಿಂತ ಬಹಳ ಕಡಿಮೆ ಆಗಿವೆ. ಯಾಕೆ ಕಡಿಮೆ ಆದವು? ಎಲೆ ಮುದುಡಿ ಗಿಡ ಕುಗ್ಗಿಸುವ ಮುಟುರು ರೋಗ ಒಂದು. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಮತ್ತು ನುಸಿಯಿಂದ ಬರುವ ಕಾಟ ಅದು. ಇನ್ನೊಂದು, ಕೈಕೊಡುವ ಮಳೆ. ಜವಾರಿ ಗಿಡದ ಇಳುವರಿ ಹೈಬ್ರಿಡ್ ಮುಂದೆ ಏನೂ ಅಲ್ಲ. ಬೆಲೆ ಬಿದ್ದಾಗ ಏನಾಗುತ್ತದೆ ಅನ್ನೋದನ್ನು ಮಾರ್ಚ್ 2024 ರಲ್ಲಿ ಬ್ಯಾಡಗಿ ನೋಡಿತು. ದರ ಕುಸಿದ ಸಿಟ್ಟಿಗೆ ಮಾರುಕಟ್ಟೆ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು.

ಹಾಗಾದರೆ ವರ್ಷದ ಖಾರಕ್ಕೆ ಮೆಣಸಿನಕಾಯಿ ಆರಿಸುವುದು ಹೇಗೆ? ಕೈಯಲ್ಲಿ ಹಿಡಿದರೆ ಹಗುರ ಇರಬೇಕು, ಅಲುಗಾಡಿಸಿದರೆ ಬೀಜ ಗಲಗಲ ಅನ್ನಬೇಕು. ಹಸಿ ಇದ್ದರೆ ಬೂಸಲು ಬರುತ್ತದೆ. ಸುಕ್ಕು ಜಾಸ್ತಿ ಇರಬೇಕು. ಒಂದನ್ನು ಮುರಿದು ನೀರಿನಲ್ಲಿ ಹಾಕಿದ ಕೂಡಲೇ ನೀರು ಕೆಂಪಾಯಿತು ಅಂದರೆ ಬಣ್ಣ ಬೆರೆತಿರುವ ಸಾಧ್ಯತೆ ಇದೆ. ಮೆಣಸಿನಕಾಯಿಯ ಸ್ವಂತ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬ್ಯಾಡಗಿಯ ಸುತ್ತ ಶೀತಲಗೃಹಗಳು ತುಂಬ ಇವೆ. ಹೋದ ವರ್ಷದ ಮಾಲನ್ನು ಬಣ್ಣ ಕೆಡದಂತೆ ಇಟ್ಟು ಈ ವರ್ಷ ಮಾರುತ್ತಾರೆ. ಅದು ತಪ್ಪೇನೂ ಅಲ್ಲ, ಆದರೆ ಹೊಸ ಮಾಲಿನ ಬೆಲೆ ಕೊಡಬೇಡಿ. ಮೆಣಸಿನಕಾಯಿಗೆ ಎಣ್ಣಿ ಹೊಡೆಯುವುದು ಬೇರೆ ಬೆಳೆಗಳಿಗಿಂತ ಜಾಸ್ತಿ. ಡಬ್ಬಿ ಇರಲಿ ಕಡ್ಡಿ ಇರಲಿ, ಜವಾರಿ ಅನ್ನುವ ಒಂದೇ ಕಾರಣಕ್ಕೆ ಔಷಧ ಇಲ್ಲದ್ದು ಅಂದುಕೊಳ್ಳಬೇಡಿ. 'ಎಷ್ಟ ಸಲಾ ಎಣ್ಣಿ ಹೊಡದೀರಿ?' ಅಂತ ನೇರವಾಗಿ ಕೇಳಿದರೆ ರೈತರು ಸಾಮಾನ್ಯವಾಗಿ ನಿಜವೇ ಹೇಳುತ್ತಾರೆ. ಮಧ್ಯದವರಿಗೆ ಗೊತ್ತೇ ಇರುವುದಿಲ್ಲ.

ಹಾವೇರಿ ಅಂದಾಗ ಇನ್ನೊಂದು ನೆನಪಾಯಿತು. ಏಲಕ್ಕಿ ಮಾಲೆಗೆ ಹಾವೇರಿ ಹೆಸರುವಾಸಿ. ಆದರೆ ಹಾವೇರಿಯ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನ ಏಲಕ್ಕಿ ಇಲ್ಲಿಗೆ ಬಂದು ಹಸನಾಗಿ, ವ್ಯಾಪಾರ ಆಗಿ, ಮಾಲೆ ಆಗುತ್ತಿತ್ತು. ಕೈಗಾರಿಕೆ ಇಲ್ಲಿಯದು, ಬೆಳೆ ಅಲ್ಲಿಯದು. ಮಾವಿನದು ಇದಕ್ಕೆ ಉಲ್ಟಾ. ಧಾರವಾಡದ ಕೆಲಗೇರಿ ಕಡೆ ಆಪೂಸ್ ತೋಟಗಳಿವೆ, ಹಣ್ಣು ಮೇ ತಿಂಗಳಲ್ಲಿ ಬರುತ್ತದೆ. ಆದರೆ 2018 ರಲ್ಲಿ ಆಪೂಸಿನ ಭೌಗೋಳಿಕ ಗುರುತು ಕೊಂಕಣದ ಜಿಲ್ಲೆಗಳಿಗೆ ಸಿಕ್ಕಿತು. ನಮ್ಮ ಹಣ್ಣನ್ನೇ ಎಷ್ಟೋ ಸಲ ರತ್ನಾಗಿರಿ ಅಂತ ಹೇಳಿ ಮಾರುತ್ತಾರೆ. ಜಾಸ್ತಿ ದುಡ್ಡು ಕೊಟ್ಟು ರತ್ನಾಗಿರಿ ಹಣ್ಣು ತಂದೆ ಅಂದುಕೊಂಡವರು ಪಾಪ ಕೆಲಗೇರಿಯದನ್ನೇ ತಿಂದಿರುತ್ತಾರೆ.

ನಿಮ್ಮ ಅತ್ತೆಯವರ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಅವರು ತಿಂದದ್ದು ಪರದೇಶದ್ದಲ್ಲ. ಆದರೆ ನೀವು ಈಗ ತಿನ್ನುತ್ತಿರುವುದರಲ್ಲಿ ಸುಮಾರು ಹೊರಗಿನದು. ಅದಕ್ಕೆ ಕಾರಣ ಅಂಗಡಿಗಿಂತ ಹೆಚ್ಚಾಗಿ ಹೊಲದಲ್ಲಿದೆ. ಹಾವೇರಿ ಕಡೆ ಹೋದರೆ ಎತ್ತ ನೋಡಿದರತ್ತ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಧಾರವಾಡ ಕಡೆ ಸೋಯಾ, ಗೋವಿನಜೋಳ, ಹತ್ತಿ, ಕಬ್ಬು. ಗೋವಿನಜೋಳದ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ ಮತ್ತು ಪಿಷ್ಟದ ಕಾರ್ಖಾನೆಗೆ. ಸೋಯಾ ಎಣ್ಣೆ ಗಿರಣಿಗೆ. ಮುಂಗಾರಿನಲ್ಲಿ ಜೋಳ, ಸಾವಿ (ಸಾಮೆ), ನವಣೆ ಬಿತ್ತುತ್ತಿದ್ದ ಹೊಲ ಇವಕ್ಕೆ ಹೋಯಿತು. ಸುತ್ತ ಹಸಿರು ಕಾಣುತ್ತದೆ, ತಾಟಿಗೆ ಬರುವಂಥದ್ದು ಅದರಲ್ಲಿ ಸ್ವಲ್ಪ. ರೈತರನ್ನು ಬೈದು ಏನೂ ಉಪಯೋಗ ಇಲ್ಲ. ಗೋವಿನಜೋಳಕ್ಕೆ ಹಕ್ಕಿ ಕಾಟ ಕಡಿಮೆ, ರಾಶಿ ಮಷಿನ್ನಿನಲ್ಲಿ ಆಗುತ್ತದೆ, ಮನೆ ಬಾಗಿಲಿಗೆ ಗಿರಾಕಿ ಬರುತ್ತಾನೆ. ಸಾವಿ ಬೆಳೆದವರು ಅದರ ಹೊಟ್ಟು ಬಿಡಿಸಲಿಕ್ಕೆ ಮಿಲ್ಲು ಹುಡುಕಿಕೊಂಡು ಊರೂರು ಅಲೆಯಬೇಕಿತ್ತು.

ಈ ಮಿಲ್ಲಿನ ತೊಡಕನ್ನು ಬಿಡಿಸಿದವರ ಒಳ್ಳೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಬ್ಯಾಂಕ್ ಮಾಡಿದರು, ಧಾನ್ಯ ಸಂಸ್ಕರಣೆಯನ್ನೂ ಶುರು ಮಾಡಿದರು. 2025 ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಸಾವಿ ಅಕ್ಕಿ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಬೆಳ್ಳಗೆ, ಹೊಳೆಯುವ ಹಾಗೆ ಇದ್ದರೆ ತೌಡು ಪೂರ್ತಿ ಹೋಗಿದೆ ಅಂತ ಅರ್ಥ. ಅಷ್ಟು ಪಾಲಿಶ್ ಮಾಡಿದ್ದಕ್ಕೆ ಸಿರಿಧಾನ್ಯದ ಬೆಲೆ ಕೊಡುವುದಕ್ಕಿಂತ ಮಾಮೂಲಿ ಅಕ್ಕಿ ತಿನ್ನುವುದು ವಾಸಿ. ಬಣ್ಣ ಮಾಸಲು ಇರಬೇಕು, ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳು ಸಿಗಬೇಕು. ಇನ್ನು ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಅದೂ ಸಕ್ಕರೆ ಏರಿಸುತ್ತದೆ.

ಮಗಳ 'ಲೋಕವೋರ್' ಹುಟ್ಟಿದ್ದು 2005 ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಸುತ್ತಲ 100 ಮೈಲಿಯೊಳಗೆ ಬೆಳೆದದ್ದನ್ನೇ ತಿನ್ನೋಣ ಅಂತ ಕೆಲವರು ಶುರು ಮಾಡಿದ ಹಟ ಅದು. 2007 ರಲ್ಲಿ ಆಕ್ಸ್‌ಫರ್ಡ್‌ನ ಅಮೆರಿಕನ್ ನಿಘಂಟಿನವರು ಅದನ್ನು ವರ್ಷದ ಪದ ಅಂತ ಆರಿಸಿದರು. ಮುಂದಿನ ವರ್ಷ ಅಮೆರಿಕದ ಕೃಷಿ ಕಾಯ್ದೆ 'ಲೋಕಲ್' ಅಂದರೆ 400 ಮೈಲಿಯೊಳಗೆ ಅಥವಾ ಅದೇ ರಾಜ್ಯದೊಳಗೆ ಅಂತ ಬರೆದುಕೊಂಡಿತು. 400 ಮೈಲಿ ಅಂದರೆ ಸುಮಾರು 640 ಕಿಲೋಮೀಟರ್. ಹುಬ್ಬಳ್ಳಿಯಿಂದ ಅಷ್ಟು ದೂರಕ್ಕೆ ನೆಟ್ಟಗೆ ಗೆರೆ ಎಳೆದರೆ ನಾಸಿಕದ ಉಳ್ಳಾಗಡ್ಡಿಯೂ ಲೋಕಲ್, ಗುಂಟೂರಿನ ಮೆಣಸಿನಕಾಯಿಯೂ ಲೋಕಲ್! ಅಮೆರಿಕದ ಅಳತೆ ನಮಗೆ ಬೇಡ.

100 ಮೈಲಿ, ಅಂದರೆ 160 ಕಿಲೋಮೀಟರ್ ಮಾತ್ರ ನಮಗೆ ಚೆನ್ನಾಗಿ ಹೊಂದುತ್ತದೆ. ನಕ್ಷೆ ತೆಗೆದು ನೋಡಿ. ಹುಬ್ಬಳ್ಳಿ-ಧಾರವಾಡ ಕೂತಿರುವುದು ಮಲೆನಾಡಿನ ಸೆರಗು ಮುಗಿದು ಎರೆ ಬಯಲು ಶುರುವಾಗುವ ಜಾಗದಲ್ಲಿ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ದಾಟಿದರೆ ಭತ್ತ. ಮುಗದದ ಸಂಶೋಧನಾ ಕೇಂದ್ರದಿಂದ ಬಂದ ಮುಗದ ಸುಗಂಧ ಅನ್ನುವ ಅಕ್ಕಿ ತಳಿಯೂ ಇದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗ, ರೋಣ ಅಂದರೆ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ, ಹೆಸರುಕಾಳು. ಅಣ್ಣಿಗೇರಿಯ ಹೆಸರೇ ಕಡಲೆ ತಳಿಗೆ ಬಂದಿದೆ. ಅಣ್ಣಿಗೇರಿ-1 ದಶಕಗಳ ಕಾಲ ಕರ್ನಾಟಕದ ಹೊಲ ಆಳಿತು. ಉತ್ತರಕ್ಕೆ ಮಹಾಲಿಂಗಪುರದ ಬೆಲ್ಲ. ಘಟ್ಟದ ಅಂಚಿಗೆ ಶಿರಸಿಯ ಮೆಣಸು, ಯಾಲಕ್ಕಿ. ಘಟ್ಟ ಇಳಿದರೆ ಕುಮಟಾದ ತೆಂಗು, ಗೋಕರ್ಣ ಹತ್ತಿರದ ಸಾಣಿಕಟ್ಟಾ ಉಪ್ಪು. ಹಾಲಿಗೆ ಧಾರವಾಡಿ ಎಮ್ಮೆ ಇದೆ, ಅದಕ್ಕೆ 2021 ರಲ್ಲಿ ಪ್ರತ್ಯೇಕ ತಳಿ ಅಂತ ದೇಶದ ಮಟ್ಟದ ಮಾನ್ಯತೆ ಸಿಕ್ಕಿದೆ. ಈ ಸುತ್ತಿನೊಳಗೆ ಸಿಗದೇ ಇರುವುದು ಚಹಾ, ಕಾಫಿ ಅಂಥವು. ಅವನ್ನು ಬಿಡಿ ಅಂತ ಧಾರವಾಡದ ಮಂದಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ದೂರ ಕಡಿಮೆ ಆದರೆ ಪರಿಸರಕ್ಕೆ ದೊಡ್ಡ ಉಪಕಾರ ಅನ್ನುವ ವಾದ ಇದೆಯಲ್ಲ, ಅದನ್ನು ಸ್ವಲ್ಪ ಇಳಿಸಿ ಹೇಳಬೇಕು. ಜಗತ್ತಿನ ಆಹಾರ ವ್ಯವಸ್ಥೆಯನ್ನು ಲೆಕ್ಕ ಹಾಕಿ 2018 ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಹಾರದಿಂದ ಆಗುವ ಹಸಿರುಮನೆ ಅನಿಲದಲ್ಲಿ ಸಾಗಾಟದ ಪಾಲು ಶೇಕಡಾ 6 ರಷ್ಟು ಮಾತ್ರ. ಉಳಿದದ್ದೆಲ್ಲ ಬಹುಪಾಲು ಏನು ಬೆಳೆದೆವು, ಹೇಗೆ ಬೆಳೆದೆವು ಅನ್ನುವುದರ ಮೇಲೆ. ಹತ್ತಿರದ್ದನ್ನು ತಿನ್ನಲಿಕ್ಕೆ ನನ್ನ ಕಾರಣ ಬೇರೆ. ಸೊಪ್ಪು, ಹಸಿ ಕಾಳು, ಹಣ್ಣು ಕಿತ್ತ ದಿನವೇ ತಿಂದರೆ ರುಚಿ ಬೇರೆ, ಸತ್ವವೂ ಉಳಿದಿರುತ್ತದೆ. ಬೆಳೆದವರನ್ನು ಕೇಳಬಹುದು. ಮತ್ತೆ, ಜೋಳ, ಸಾವಿ, ಡಬ್ಬಿ ಮೆಣಸಿನಕಾಯಿ ಕೊಳ್ಳುವವರು ಇದ್ದರೆ ಮಾತ್ರ ಅವನ್ನು ಬಿತ್ತುವವರು ಇರುತ್ತಾರೆ.

ಯಾವಾಗ ಏನು ಕೊಳ್ಳಬೇಕು ಅಂತ ಕೇಳಿದ್ದೀರಿ. ಶ್ರಾವಣ ಮುಗಿಯುವ ಹೊತ್ತಿಗೆ ಗದಗ ಕಡೆಯ ಹೊಸ ಹೆಸರುಕಾಳು ಬರುತ್ತದೆ. ಹೊಸ ಹೆಸರು ಬೇಗ ಬೇಯುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮುಂಗಾರಿ ಉಳ್ಳಾಗಡ್ಡಿ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬರುತ್ತದೆ. ಅದು ಬಹಳ ದಿನ ಉಳಿಯುವುದಿಲ್ಲ, ಆಗಲೇ ತಿಂದು ಮುಗಿಸಬೇಕು. ಚೀಲಗಟ್ಟಲೆ ಕೂಡಿಡಬೇಡಿ. ದೀಪಾವಳಿ ಆಸುಪಾಸಿಗೆ ಶೇಂಗಾ, ಸಾವಿ. ಅದಾದ ಮೇಲೆ ಕಲಘಟಗಿ ಕಡೆಯ ಹೊಸ ಅಕ್ಕಿ.

ನವೆಂಬರ್‌ನಿಂದ ಜನವರಿ ನಮ್ಮ ಕಡೆಯ ಬಂಗಾರದ ಕಾಲ. ಸಂತೆಯಲ್ಲಿ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತ ಅಜ್ಜಿಯರ ಹತ್ತಿರ ನಿಲ್ಲಿ. ಕಡ್ಲಿ ಪಲ್ಲೆ, ಕುಸುಬಿ ಪಲ್ಲೆ, ಹಕ್ಕರಕಿ, ಎಳೆ ಮೆಂತೆ, ಉಳ್ಳಾಗಡ್ಡಿ ತಪ್ಪಲು. ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ, ಹೊಲದಲ್ಲಿ ತಾನಾಗಿ ಬರುತ್ತದೆ. ಹಾಗಾಗಿ ಅದಕ್ಕೆ ಹೈಬ್ರಿಡ್ ಅನ್ನೋದೇ ಇಲ್ಲ. ಖಡಕ್ ರೊಟ್ಟಿಯ ಜೊತೆ ಹಸಿಯಾಗಿ ತಿನ್ನಿ, ತೊಳೆಯುವುದು ಮಾತ್ರ ಎರಡು ನೀರು ಜಾಸ್ತಿ ಇರಲಿ. ಎಣ್ಣಿ ಹೊಡೆದ ಹತ್ತಿ ಹೊಲದ ಬದುವಿನ ಸೊಪ್ಪು ಬೇಡ. ನವಲೂರಿನ ಪೇರಲ ಈ ಕಾಲದ್ದೇ. ಆದರೆ ಆ ತೋಟಗಳಲ್ಲಿ ಸುಮಾರು ಈಗ ಲೇಔಟ್ ಆಗಿವೆ, ಸಿಕ್ಕಾಗ ಬಿಡಬೇಡಿ. ಸಂಕ್ರಾಂತಿ ಆಸುಪಾಸಿಗೆ ಗಾಡಿಗಳಲ್ಲಿ ಸುಲಗಾಯಿ, ಅಂದರೆ ಹಸಿ ಕಡಲೆ ಗಿಡದ ಸಿವುಡು. ಹೊಲದವರು ಯಾರಾದರೂ ಪರಿಚಯ ಇದ್ದರೆ ಸೀತನಿಗೆ ಕರೆಯಿರಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಇರುವಾಗಲೇ ಶೇಂಗಾ ಚಟ್ನಿ ಜೊತೆ ತಿನ್ನಬೇಕು. ಅದನ್ನು ಯಾವ ಅಂಗಡಿಯೂ ಪ್ಯಾಕ್ ಮಾಡಿ ಕೊಡಲಿಕ್ಕೆ ಆಗುವುದಿಲ್ಲ. ಸುಟ್ಟು ಸ್ವಲ್ಪ ಹೊತ್ತಾದರೆ ರುಚಿ ಹೋಯಿತು.

ಫೆಬ್ರವರಿಯಿಂದ ಏಪ್ರಿಲ್ ವರ್ಷದ ಕಾಳು ಹಾಕುವ ಕಾಲ: ಬಿಳಿಜೋಳ, ಕಡಲೆ, ಗೋಧಿ, ಮೆಣಸಿನಕಾಯಿ, ಕುಸುಬೆ. ಕುಸುಬಿ ಎಣ್ಣೆಯನ್ನು ಕಣ್ಣೆದುರಿಗೆ ಗಾಣದಲ್ಲಿ ಹಾಕಿಸಿಕೊಂಡು ಬನ್ನಿ.

ದುಡ್ಡಿನ ವಿಷಯಕ್ಕೆ ನನ್ನ ಅಭಿಪ್ರಾಯ ಇಷ್ಟು. ಅಂಗಡಿಯಲ್ಲಿ ತಿಂಗಳು ತಿಂಗಳು ಎರಡೆರಡು ಕಿಲೋ 'ಜವಾರಿ' ತರುವುದಕ್ಕಿಂತ ಸುಗ್ಗಿಯಲ್ಲಿ ಒಬ್ಬ ರೈತರಿಂದ ಒಂದು ಚೀಲ ಜೋಳ, ಅರ್ಧ ಚೀಲ ಗೋಧಿ ತನ್ನಿ. ಮಾರುಕಟ್ಟೆ ದರದ ಮೇಲೆ ಕ್ವಿಂಟಲಿಗೆ ಸ್ವಲ್ಪ ಜಾಸ್ತಿ ನೀವಾಗಿಯೇ ಕೊಡಿ. ಆದರೂ ಅಂಗಡಿಗಿಂತ ಕಡಿಮೆಯೇ ಆಗುತ್ತದೆ, ಅವರಿಗೂ ಎಪಿಎಂಸಿಗಿಂತ ಜಾಸ್ತಿ ಸಿಗುತ್ತದೆ. ರೈತರು ಗೊತ್ತಿಲ್ಲ ಅಂದರೆ ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು, ಹಾಲಿನವರನ್ನು, ಆಟೋದವರನ್ನು ಕೇಳಿ. ಹುಬ್ಬಳ್ಳಿಯಲ್ಲಿ ಹಳ್ಳಿಯ ಹೊಲದ ನಂಟು ಇಲ್ಲದವರು ಅಪರೂಪ. ಧಾರವಾಡದ ಕೃಷಿ ಮೇಳಕ್ಕೂ ಹೋಗಿ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಆಗುತ್ತದೆ. ಅಲ್ಲಿ ಬೆಳೆಯುವವರ ಫೋನ್ ನಂಬರ್ ತಂದುಕೊಳ್ಳುವುದು ಬ್ಯಾಗ್ ತುಂಬಿಕೊಂಡು ಬರುವುದಕ್ಕಿಂತ ಲಾಭದ್ದು. ಅಂಗಡಿಗೇ ಹೋಗಬೇಕು ಅಂದರೆ ಅಲ್ಲಿ ಕೇಳುವುದು ಎರಡೇ ಮಾತು: 'ಯಾವ ಊರಿಂದು? ಯಾವಾಗಿನ ಮಾಲು?' ಊರ ಹೆಸರು, ತಿಂಗಳು ಎರಡೂ ಥಟ್ಟನೆ ಬಂದರೆ ಧಾರಾಳವಾಗಿ ಕೊಳ್ಳಿ. 'ಇದು ಪ್ಯೂರ್ ಜವಾರಿ ರೀ' ಅಂತ ಮಾತ್ರ ಬಂದರೆ ಮುಂದಿನ ಅಂಗಡಿ ನೋಡಿ.

ತಂದದ್ದನ್ನು ಇಡುವ ಬಗ್ಗೆ ಎರಡು ಮಾತು ಹೇಳದಿದ್ದರೆ ಚೀಲ ಹುಳದ ಪಾಲಾಗುತ್ತದೆ. ಮೊದಲು ಕಾಳು ತುಂಬಿಡಲಿಕ್ಕೆ ನೆಲದೊಳಗೆ ಹಗೇವು ಇದ್ದವು, ಈಗ ಫ್ಲ್ಯಾಟಿನಲ್ಲಿ ಡ್ರಮ್ಮೇ ಗತಿ. ಜೋಳ, ಗೋಧಿಯನ್ನು ಎರಡು ಬಿಸಿಲಿಗೆ ಹಾಕಿ. ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರು ಕಟ್ಟುತ್ತದೆ. ಪದರ ಪದರವಾಗಿ ಒಣಗಿದ ಬೇವಿನ ಎಲೆ ಹಾಕಿ. ಗೋಧಿಗೆ ಸ್ವಲ್ಪ ಔಡಲೆಣ್ಣೆ ಸವರಿದರೆ ಇನ್ನೂ ಒಳ್ಳೆಯದು. ಮೆಣಸಿನಕಾಯಿಯನ್ನು ತೊಟ್ಟು ಬಿಡಿಸದೆ ಇಡಿ. ಖಾರ ಕುಟ್ಟಿಸುವ ದಿನ ಬಿಡಿಸಿದರೆ ಸಾಕು. ಸಾವಿ ಅಕ್ಕಿಯನ್ನು ಮಾತ್ರ ಜಾಸ್ತಿ ತರಬೇಡಿ. ಹೊಟ್ಟು ಬಿಡಿಸಿದ ಮೇಲೆ ತೌಡಿನ ಎಣ್ಣೆಯಂಶಕ್ಕೆ ಮುಗ್ಗು ವಾಸನೆ ಬರುತ್ತದೆ. ಎರಡು ತಿಂಗಳಿಗೆ ಆಗುವಷ್ಟು ತಂದು, ಗಾಳಿ ಆಡದ ಡಬ್ಬಿಯಲ್ಲಿ ಹಾಕಿಡಿ.